ಮೊದಲು ಹುಚ್ಚು, ಆಮೇಲೆ ಪವಾಡ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವನನ್ನು ಕಂಡು ನಮ್ಮ ಗಾದೆ ನಗುತ್ತದೆ. ಬೆಂಕಿ ಬೀಳುವ ಮೊದಲೇ ಬಾವಿ ತೋಡುವವನನ್ನು ಕಂಡು ಪತ್ರಿಕೆ, ಟಿ.ವಿ.ಗಳು ನಗುತ್ತವೆ. ಹಾಗಾದರೆ ಆ ಬಡಪಾಯಿ ಬಾವಿ ತೋಡಬೇಕಾದ್ದು ಯಾವಾಗ? ಇಪ್ಪತ್ತೆಂಟು ವರ್ಷಗಳಿಂದ ಸಮಾಜ ವಿಜ್ಞಾನ ಪಾಠ ಹೇಳುತ್ತಾ, ಬಿಡುವಿನಲ್ಲಿ ಪತ್ರಿಕೆಯ ತುಣುಕುಗಳನ್ನು ಕತ್ತರಿಸಿ ಹಳೆಯ ನೋಟ್‌ಬುಕ್ಕಿಗೆ ಅಂಟಿಸುತ್ತಾ ಬಂದ ನನಗೆ ಕಂಡದ್ದು ಇಷ್ಟು: ಆಪತ್ತಿಗೆ ಮುಂಚಿತವಾಗಿ ಸಜ್ಜಾಗುವವರ ಬಗ್ಗೆ ಬರೆಯಲು ಸುದ್ದಿಮನೆಯಲ್ಲಿ ಎರಡೇ ಅಚ್ಚುಗಳಿವೆ. ಆಪತ್ತು ಬರುವ ಮುಂಚೆ ಅವರು ಹುಚ್ಚರು. ಬಂದು ಹೋದ ಮೇಲೆ ಅವರು ಮಾಡಿದ್ದು ಪವಾಡ.

ಮೊದಲನೆಯ ಅಚ್ಚಿಗೆ ಒಳ್ಳೆಯ ಮಾದರಿ ಅಮೆರಿಕದ್ದು. ನ್ಯಾಷನಲ್ ಜಿಯಾಗ್ರಫಿಕ್ ವಾಹಿನಿಯಲ್ಲಿ 2012ರಿಂದ 2014ರವರೆಗೆ ‘ಡೂಮ್ಸ್‌ಡೇ ಪ್ರೆಪ್ಪರ್ಸ್’ ಎಂಬ ಕಾರ್ಯಕ್ರಮ ಬರುತ್ತಿತ್ತು. ಪ್ರಳಯ ಬಂದೀತೆಂದು ಆಹಾರ, ನೀರು, ಬಂದೂಕು ಕೂಡಿಟ್ಟುಕೊಂಡವರನ್ನು ಅದರಲ್ಲಿ ತೋರಿಸುತ್ತಿದ್ದರು. ಕೊನೆಯಲ್ಲಿ ತಜ್ಞರಿಂದ ನೂರಕ್ಕೆ ಇಷ್ಟು ಎಂದು ಅಂಕ. ಅವರಲ್ಲಿ ನಗೆಗೆ ಅರ್ಹರಾದವರೂ ಇದ್ದರು, ಇಲ್ಲವೆನ್ನುವುದಿಲ್ಲ. ಆದರೆ ಮನೆಯಲ್ಲಿ ಕೆಲವು ದಿನಗಳಿಗಾಗುವಷ್ಟು ನೀರು, ಆಹಾರ, ಟಾರ್ಚು, ಔಷಧಿ ತೆಗೆದಿಡಿ ಎಂದು ಆ ದೇಶದ ಸರ್ಕಾರವೇ ಜನರಿಗೆ ಹೇಳುತ್ತದೆ. ಅಷ್ಟನ್ನೇ ಮಾಡಿಕೊಂಡು ಸುಮ್ಮನಿರುವ ಗೃಹಿಣಿ ಕ್ಯಾಮೆರಾಗೆ ಬೇಡ. ವಿಷಾನಿಲದ ಮುಖವಾಡ ತೊಟ್ಟವನೇ ಬೇಕು. ಹೀಗೆ ನೋಡಿ ನೋಡಿ, ನೀರು ತುಂಬಿಟ್ಟವಳೂ ಮುಖವಾಡದವನ ಸಾಲಿಗೇ ಸೇರಿಬಿಡುತ್ತಾಳೆ.

ಎರಡೂ ಅಚ್ಚುಗಳು ಒಬ್ಬರ ಮೇಲೆಯೇ ಬಿದ್ದದ್ದು ಜಪಾನಿನ ಫುದಾಯ್ ಎಂಬ ಪುಟ್ಟ ಕಡಲೂರಿನಲ್ಲಿ. 1896 ಮತ್ತು 1933ರ ಸುನಾಮಿಗಳಲ್ಲಿ ಆ ಊರು ನೂರಾರು ಜನರನ್ನು ಕಳೆದುಕೊಂಡಿತ್ತು. ನಲವತ್ತು ವರ್ಷ ಅಲ್ಲಿ ಮೇಯರ್ ಆಗಿದ್ದ ವಾಮುರಾ, ನದಿಯ ಬಾಯಿಗೆ 15.5 ಮೀಟರ್ ಎತ್ತರದ ಬಾಗಿಲು ಕಟ್ಟಬೇಕೆಂದು ಹಠ ಹಿಡಿದರು. ದುಡ್ಡು ದಂಡ ಎಂದು ಜನ ಬೈದರು. 1984ರಲ್ಲಿ ಕೆಲಸ ಮುಗಿಯಿತು, 1997ರಲ್ಲಿ ವಾಮುರಾ ತೀರಿಕೊಂಡರು. 2011ರ ಮಾರ್ಚ್ 11ರಂದು ಬಂದ ಅಲೆ ಬಾಗಿಲನ್ನೂ ಮೀರಿತು, ಆದರೆ ಊರು ಉಳಿಯಿತು. ಆಗ ಜಗತ್ತಿನ ಪತ್ರಿಕೆಗಳಿಗೆ ಅವರು ಕಾಲಜ್ಞಾನಿಯಾಗಿಬಿಟ್ಟರು. ಅವರಲ್ಲಿ ಕಾಲಜ್ಞಾನವೇನೂ ಇರಲಿಲ್ಲ. ಹಿಂದಿನ ಅಲೆ 15 ಮೀಟರ್ ಬಂದಿತ್ತೆಂದು ಹಿರಿಯರು ಹೇಳಿದ್ದನ್ನು ಮರೆಯಲಿಲ್ಲ, ಅಷ್ಟೇ. ಆ ದಿನ ಪಕ್ಕದ ಸಣ್ಣ ಬಾಗಿಲುಗಳು ಸಿಕ್ಕಿಹಾಕಿಕೊಂಡಾಗ ಅಗ್ನಿಶಾಮಕ ಸಿಬ್ಬಂದಿಯೊಬ್ಬರು ಓಡಿಹೋಗಿ ಕೈಯಿಂದ ಮುಚ್ಚಬೇಕಾಯಿತು. ಕಾಲಜ್ಞಾನಿಯ ಕಥೆಯಲ್ಲಿ ಇಂಥವರಿಗೆಲ್ಲಿ ಜಾಗ?

ಅದೇ ಕರಾವಳಿಯಲ್ಲಿ ಕಮೈಶಿ ಎಂಬ ಪಟ್ಟಣವಿದೆ. ಅಂದು ಅಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು, ಕಾಣೆಯಾದರು. ಆದರೆ ಶಾಲಾ ಮಕ್ಕಳು ಮೂರು ಸಾವಿರದಷ್ಟು ಮಂದಿ ಹೆಚ್ಚುಕಡಿಮೆ ಎಲ್ಲರೂ ಬದುಕಿದರು. ಪತ್ರಿಕೆಗಳು ಅದನ್ನು ‘ಕಮೈಶಿಯ ಪವಾಡ’ ಎಂದವು. ಅಲ್ಲಿ ನಡೆದದ್ದೇನು? ಗುನ್ಮಾ ವಿಶ್ವವಿದ್ಯಾಲಯದ ಕತಾದಾ ಎಂಬ ಪ್ರಾಧ್ಯಾಪಕರು ವರ್ಷಗಟ್ಟಲೆ ಆ ಊರಿನ ಶಿಕ್ಷಕರ, ಮಕ್ಕಳ ಜೊತೆ ಕೆಲಸ ಮಾಡಿದ್ದರು. ಅಪಾಯದ ನಕಾಶೆಯನ್ನು ಪೂರ್ತಿ ನಂಬಬೇಡಿ, ಯಾರಿಗೂ ಕಾಯದೆ ಮೊದಲು ನೀವು ಓಡಿ ಎಂದು ಕಲಿಸಿದ್ದರು. ಕಡಲಿಗೆ ಹತ್ತಿರದ ಎರಡು ಶಾಲೆಗಳು ಆ ನಕಾಶೆಯ ಅಪಾಯದ ಗೆರೆಯ ಆಚೆಗಿದ್ದವು. ಆದರೂ ದೊಡ್ಡ ಮಕ್ಕಳು ಓಡಿದರು. ಅವರನ್ನು ನೋಡಿ, ಮೂರನೆಯ ಮಹಡಿಗೆ ಹತ್ತಿದ್ದ ಚಿಕ್ಕ ಮಕ್ಕಳೂ ಇಳಿದು ಬಂದರು. ದೊಡ್ಡವರು ಚಿಕ್ಕವರ ಕೈ ಹಿಡಿದರು. ಗೊತ್ತುಪಡಿಸಿದ್ದ ಜಾಗ ಸಾಲದೆಂದು ಕಂಡಾಗ ಇನ್ನೂ ಮೇಲಕ್ಕೆ ಹೋದರು. ಇದರಲ್ಲಿ ಪವಾಡ ಯಾವುದು? ಪರೀಕ್ಷೆಗೆ ಓದಿ ಪಾಸಾದ ಹುಡುಗಿಯನ್ನು ‘ಅದೃಷ್ಟವಂತೆ’ ಎಂದರೆ ಅವಳಿಗೆ ಹೇಗಾಗಬೇಡ? ಮುಂದೆ ಆ ಪಟ್ಟಣವೇ ‘ಪವಾಡ’ ಎಂಬ ಮಾತನ್ನು ಕೈಬಿಟ್ಟಿತು. ಮನೆಯವರನ್ನು ಕಳೆದುಕೊಂಡವರ ಮುಂದೆ ಆ ಮಾತನ್ನು ಆಡುವುದಾದರೂ ಹೇಗೆ?

ದೂರದ ಜಪಾನಿನ ಮಾತು ಹಾಗಿರಲಿ, ನಮ್ಮ ಕನ್ನಡ ಪತ್ರಿಕೆಗಳ ಒಂದು ಪದ ನೋಡಿ. ಅಗ್ನಿಶಾಮಕ ದಳದವರು ಬಂದು ತಾಲೀಮು ಮಾಡಿಸಿದರೆ ಅದಕ್ಕೆ ‘ಅಣಕು ಪ್ರದರ್ಶನ’ ಎನ್ನುತ್ತಾರೆ. ಅಣಕವೂ ಹೌದಂತೆ, ಪ್ರದರ್ಶನವೂ ಹೌದಂತೆ! ನಮ್ಮ ಶಾಲೆಯಲ್ಲೂ ಅಂಥದ್ದೊಂದು ನಡೆಯಿತು. ಮರುದಿನ ಒಂದು ಪತ್ರಿಕೆಯಲ್ಲಿ ಚಿತ್ರ ಬಂತು: ಮುಂದೆ ಅತಿಥಿಗಳು, ಹಿಂದೆ ಮಕ್ಕಳ ತಲೆಗಳು, ಕೆಳಗೆ ‘ಮಕ್ಕಳನ್ನು ರಂಜಿಸಿದ ಅಣಕು ಪ್ರದರ್ಶನ’. ಮೇಲಿನ ಮಹಡಿಯ ಮಕ್ಕಳೆಲ್ಲ ಒಂದೇ ಕಿರಿದಾದ ಮೆಟ್ಟಿಲಿನಿಂದ ಇಳಿಯಲು ಮೊದಲ ಸಲ ಒಂಬತ್ತು ನಿಮಿಷ ಹಿಡಿಯಿತು, ಮೂರನೆಯ ಸಲ ನಾಲ್ಕು. ಗಡಿಯಾರ ಹಿಡಿದು ನಿಂತಿದ್ದವಳು ನಾನೇ. ಆ ಅಂಕಿಗಳನ್ನು ವರದಿಗಾರರಿಗೆ ಬರೆದೂ ಕೊಟ್ಟಿದ್ದೆ. ಅತಿಥಿಗಳ ಹೆಸರುಗಳಿಗೇ ಜಾಗ ಸಾಲದೆ ಹೋಯಿತೆಂದು ಕಾಣುತ್ತದೆ. 2004ರ ಜುಲೈನಲ್ಲಿ ಕುಂಭಕೋಣದ ಶಾಲೆಯ ಬೆಂಕಿಯಲ್ಲಿ 94 ಮಕ್ಕಳು ಸತ್ತಾಗ ಇದೇ ಪತ್ರಿಕೆಗಳು, ಶಾಲೆಗಳಲ್ಲಿ ಮುಂಜಾಗ್ರತೆ ಏಕಿಲ್ಲ ಎಂದು ಪುಟಗಟ್ಟಲೆ ಕೇಳಿದ್ದವು.

ಅದೇ ವರ್ಷದ ಡಿಸೆಂಬರ್ 26ರ ಸುನಾಮಿಯಲ್ಲಿ ಥಾಯ್ಲೆಂಡಿನ ಫುಕೆಟ್ ಕಡಲ ತೀರದಲ್ಲಿದ್ದ ಹತ್ತು ವರ್ಷದ ಇಂಗ್ಲಿಷ್ ಹುಡುಗಿ ಟಿಲ್ಲಿ ಸ್ಮಿತ್, ನೀರು ನೊರೆಯೇಳುವುದನ್ನು ಕಂಡು ಎಚ್ಚರಿಸಿ ನೂರರಷ್ಟು ಜನರನ್ನು ಉಳಿಸಿದಳು. ಪತ್ರಿಕೆಗಳು ಅವಳನ್ನು ‘ಕಡಲ ತೀರದ ದೇವತೆ’ ಎಂದವು. ಎರಡು ವಾರ ಮುಂಚೆ ಭೂಗೋಳದ ತರಗತಿಯಲ್ಲಿ ಕರ್ನಿ ಎಂಬ ಮೇಷ್ಟ್ರು ಈ ಪಾಠ ಮಾಡಿದ್ದರೆಂದು ಅವಳೇ ಹೋದಲ್ಲೆಲ್ಲ ಹೇಳಿದಳು. ಆದರೂ ತಲೆಬರಹಕ್ಕೆ ಬಂದದ್ದು ದೇವತೆಯೇ, ಪಾಠವಲ್ಲ. ಮೇಷ್ಟ್ರುಗಳ ಪರ ನಾನು ವಕಾಲತ್ತು ಮಾಡುತ್ತಿದ್ದೇನೆ ಎಂದರೆ, ಹೌದು, ಮಾಡುತ್ತಿದ್ದೇನೆ.

ಕಮೈಶಿಯ ದಿನದಂದೇ ಇಶಿನೊಮಾಕಿಯ ಒಕಾವಾ ಪ್ರಾಥಮಿಕ ಶಾಲೆಯಲ್ಲಿ 74 ಮಕ್ಕಳು, 10 ಶಿಕ್ಷಕರು ಹೋದರು. ಭೂಕಂಪದ ನಂತರ ಸುಮಾರು ಐವತ್ತು ನಿಮಿಷ ಅವರು ಶಾಲೆಯ ಅಂಗಳದಲ್ಲೇ ಇದ್ದರು. ಎಲ್ಲಿಗೆ ಹೋಗಬೇಕೆಂಬ ಜಾಗದಲ್ಲಿ ಶಾಲೆಯ ಕೈಪಿಡಿ ‘ಹತ್ತಿರದ ಖಾಲಿ ಜಾಗ, ಉದ್ಯಾನ ಇತ್ಯಾದಿ’ ಎಂದಷ್ಟೇ ಹೇಳುತ್ತಿತ್ತು. ತಪ್ಪಿದ್ದದ್ದು ಆ ಗಳಿಗೆಯಲ್ಲಷ್ಟೇ ಅಲ್ಲ, ಅದಕ್ಕೂ ಮುಂಚಿನ ಸಿದ್ಧತೆಯಲ್ಲೇ ಎಂದು ಮೇಲಿನ ನ್ಯಾಯಾಲಯ 2018ರಲ್ಲಿ ಹೇಳಿತು. 2019ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಅದೇ ನಿಂತಿತು. ಶಿಕ್ಷಕಿಯರ ಕೋಣೆಯಲ್ಲಿ ಗೋಡೆಗೆ ಅಂಟಿಸಬೇಕಾದ ಸುದ್ದಿ ಅದು. ನಾನು ತರಿಸುವ ಪತ್ರಿಕೆಗಳಲ್ಲಿ ಹುಡುಕಿದೆ, ನನ್ನ ಕಣ್ಣಿಗೆ ಬೀಳಲಿಲ್ಲ. ಆ ಶಾಲೆಯ ಹಿಂದೆಯೇ ಒಂದು ಗುಡ್ಡವಿತ್ತು. ಪಾಠದ ಭಾಗವಾಗಿ ಮಕ್ಕಳು ಅಲ್ಲಿ ಅಣಬೆ ಬೆಳೆಸುತ್ತಿದ್ದರು.