ಬಿಡಿಸಿಟ್ಟ ಲೆಕ್ಕ

ಸಂಜೆ ಐದರ ಮೇಲೆ ಮಾಗಡಿಯ ಝೆರಾಕ್ಸ್ ಅಂಗಡಿಗಳ ಮುಂದೆ ಪಿಯುಸಿ ಮಕ್ಕಳು ಗುಂಪುಗೂಡುತ್ತಾರೆ. ಅವರು ಕೇಳುವುದು ಫಿಸಿಕ್ಸ್ ಪುಸ್ತಕವನ್ನಲ್ಲ, ‘ಸಾಲ್ವ್ಡ್ ಪ್ರಾಬ್ಲಮ್ಸ್’ ಹಾಳೆಗಳನ್ನು. ಯಾರು ಬಿಡಿಸಿದ್ದು, ಯಾವಾಗ ಬಿಡಿಸಿದ್ದು, ಯಾರಿಗೂ ಗೊತ್ತಿಲ್ಲ. ಪ್ರತಿಯ ಪ್ರತಿಯ ಪ್ರತಿಯಾಗಿ ಮಸುಕಾದ ಆ ಹಾಳೆಗಳೇ ಇಲ್ಲಿ ಹೋಂವರ್ಕಿನ ಆಸರೆ. ಈ ಆಸರೆ ಎಷ್ಟು ಭಾರ ತಡೆಯುತ್ತದೆ ಎಂದು ನೋಡುವ ಅವಕಾಶ ನನಗೆ ಮೊನ್ನೆ ಸಿಕ್ಕಿತು.

ನಮ್ಮ ಬೀದಿಯ ಹುಡುಗಿಯೊಬ್ಬಳು ನೋಟ್‌ಬುಕ್ ಹಿಡಿದು ಬಂದಳು. 30 ಡಿಗ್ರಿ ಇಳಿಜಾರಿನ ಮೇಲೆ 5 ಕೆ.ಜಿ.ಯ ಮರದ ತುಂಡು ಜಾರುತ್ತಿದೆ, ಘರ್ಷಣಾಂಕ 0.2, ವೇಗೋತ್ಕರ್ಷ ಎಷ್ಟು? ಅವಳಿಗೆ 2.94 ಬಂದಿತ್ತು, ಪುಸ್ತಕದ ಉತ್ತರ ಸುಮಾರು 3.2. ತಪ್ಪು ಹುಡುಕುವುದು ಕಷ್ಟವಾಗಲಿಲ್ಲ. ನಾರ್ಮಲ್ ಫೋರ್ಸ್ ಎಂದು ತುಂಡಿನ ಇಡೀ ತೂಕವನ್ನೇ, 49 ನ್ಯೂಟನ್ ಎಂದು ಬರೆದಿದ್ದಳು. ಹಾಳೆಯಲ್ಲಿ ಇದಕ್ಕೆ ಮುಂಚಿನ ಲೆಕ್ಕ ಸಮತಟ್ಟು ನೆಲದ್ದು, ಅಲ್ಲಿನ ಸಾಲನ್ನೇ ಇಲ್ಲಿಗೂ ಇಳಿಸಿದ್ದಳು. ಯಾಕೆ ಹೀಗೆ ಎಂದರೆ, “ನಾರ್ಮಲ್ ಅಂದ್ರೆ ನಾರ್ಮಲ್ಲಾಗಿ ಇರೋ ಫೋರ್ಸ್ ಅಲ್ವಾ ಸಾರ್?” ಎಂದಳು.

ನಗು ಬಂದರೂ ನಗಲಿಲ್ಲ. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ ಪಿಯುಸಿಗೆ ಬಂದ ಮಗು ಅದು. ಬಲ, ಘರ್ಷಣೆ, ಸಂವೇಗ ಎಲ್ಲವೂ ಜೂನ್ ತಿಂಗಳೊಂದರಲ್ಲಿ ಇಂಗ್ಲಿಷಾಗಿಬಿಟ್ಟವು. ‘ನಾರ್ಮಲ್’ ಎಂದರೆ ಲಂಬ, ಮೇಲ್ಮೈಗೆ ಲಂಬಕೋನದಲ್ಲಿ ನಿಂತದ್ದು ಎಂದು ಯಾರಾದರೂ ಒಮ್ಮೆ ಕನ್ನಡದಲ್ಲಿ ಹೇಳಿದ್ದರೆ ಸಾಕಿತ್ತು. ಬಿಡಿಸಿಟ್ಟ ಹಾಳೆಗೆ ಆ ಒಂದು ಮಾತು ಹೇಳಲು ಬರುವುದಿಲ್ಲ.

ಹತ್ತಿರದ ಬಂಡೆಬೆಟ್ಟ ನೆನಪಾಗಿ, “ಸಾವನದುರ್ಗ ಹತ್ತಿದ್ದೀಯಾ?” ಎಂದೆ. ಎರಡು ಸಲ ಹತ್ತಿದ್ದಳು. ಎಲ್ಲಿ ಕಾಲು ಜಾರಿತು? ಕಡಿದಾದ ಕಡೆ. ಅಲ್ಲಿ ಪಾದ ಬಂಡೆಗೆ ಹೆಚ್ಚು ಒತ್ತುತ್ತಿತ್ತೋ ಕಡಿಮೆಯೋ? ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಡಿಮೆ. ಅದಕ್ಕೇ ಗ್ರಿಪ್ ಸಿಗಲ್ಲ” ಎಂದಳು. ನಂತರ ತಾನೇ ಚಿತ್ರ ಬರೆದಳು: ನೇರ ಕೆಳಗೆ ತೂಕ, ಇಳಿಜಾರಿಗೆ ಲಂಬವಾಗಿ ಬಂಡೆಯ ಒತ್ತು, ಜಾರುವ ದಿಕ್ಕಿಗೆ ಎದುರಾಗಿ ಘರ್ಷಣೆ. ಮೂರು ಬಾಣ. 49 ಹೋಗಿ 42.4 ಬಂತು, ಉಳಿದದ್ದು ಬರೀ ಕೂಡು-ಕಳೆ. ಅವಳ ಕಾಲಿಗೆ ಗೊತ್ತಿದ್ದ ಮೆಕ್ಯಾನಿಕ್ಸು ನೋಟ್‌ಬುಕ್ಕಿಗೆ ಇಳಿಯಲು ಬೇಕಾಗಿದ್ದದ್ದು ಆ ಚಿತ್ರವೊಂದೇ.

ಎಚ್.ಸಿ. ವರ್ಮಾ ಅವರ 1992ರ ‘ಕಾನ್ಸೆಪ್ಟ್ಸ್ ಆಫ್ ಫಿಸಿಕ್ಸ್’ ಮೂರು ದಶಕ ದಾಟಿಯೂ ನಿಂತಿರುವುದು ಇದೇ ಕಾರಣಕ್ಕೆ. ನ್ಯೂಟನ್ ನಿಯಮಗಳ ಅಧ್ಯಾಯದಲ್ಲಿ ಅವರು ಮೊದಲು ಯಾವ ವಸ್ತುವಿನ ಬಗ್ಗೆ ಮಾತು ಎಂದು ತೀರ್ಮಾನಿಸಲು ಹೇಳುತ್ತಾರೆ. ಆಮೇಲೆ ಅದರ ಮೇಲಿನ ಬಲಗಳನ್ನು ಗುರುತಿಸಬೇಕು, ಚಿತ್ರ ಬರೆಯಬೇಕು. ಸಮೀಕರಣದ ಸರದಿ ಕೊನೆಯದು. ನಮ್ಮ ಝೆರಾಕ್ಸ್ ಹಾಳೆ ಶುರುವಾಗುವುದೇ ಆ ಕೊನೆಯಿಂದ. ವರ್ಮಾ ಪುಸ್ತಕಕ್ಕೂ ಒಂದು ಕೊರತೆಯಿದೆ: ಅದರ ಇಂಗ್ಲಿಷ್ ಸರಳವೇ ಆದರೂ ಕನ್ನಡ ಮಾಧ್ಯಮದ ಮಗು ಮೊದಲ ಐವತ್ತು ಪುಟ ದಾಟುವುದರೊಳಗೆ ಸುಸ್ತಾಗುತ್ತದೆ.

ಇನ್ನು ಕ್ವಾಂಟಂ, ಅಂದರೆ ಪಿಯುಸಿಯ ‘ಡ್ಯುಯಲ್ ನೇಚರ್’ ಪಾಠ. ಇಲ್ಲೊಂದು ವಿಚಿತ್ರ. ಮಕ್ಕಳನ್ನು ಕೇಳಿ ನೋಡಿ, “ಮೆಕ್ಯಾನಿಕ್ಸ್ ಕಷ್ಟ ಸಾರ್, ಡ್ಯುಯಲ್ ನೇಚರ್ ಈಸಿ” ಎನ್ನುತ್ತಾರೆ. ಫೈನ್‌ಮನ್‌ರಂಥವರೇ ಯಾರಿಗೂ ಅರ್ಥವಾಗಿಲ್ಲ ಎಂದ ವಿಷಯ ನಮ್ಮೂರಲ್ಲಿ ಈಸಿ! ಕಾರಣ ಸರಳ: ಆ ಪಾಠದ ಲೆಕ್ಕಗಳು ಒಂದೇ ಸೂತ್ರಕ್ಕೆ ಅಂಕಿ ತುಂಬುವಂಥವು. ಸೀಸಿಯಂ ಲೋಹದ ವರ್ಕ್ ಫಂಕ್ಷನ್ (ಎಲೆಕ್ಟ್ರಾನು ಹೊರಬರಲು ಬೇಕಾದ ಕನಿಷ್ಠ ಶಕ್ತಿ) 2.14 ಎಲೆಕ್ಟ್ರಾನ್ ವೋಲ್ಟ್, ಬೀಳುವ ಬೆಳಕಿನ ಫೋಟಾನಿನ ಶಕ್ತಿ 2.48, ಕಳೆದರೆ ಹೊರಬರುವ ಎಲೆಕ್ಟ್ರಾನಿನ ಗರಿಷ್ಠ ಶಕ್ತಿ 0.34. ಮಾರ್ಕ್ಸ್ ಬಂತು.

ಇದೇ ಲೆಕ್ಕವನ್ನು ಆ ಹುಡುಗಿ ನನ್ನೆದುರೇ ಎರಡು ನಿಮಿಷದಲ್ಲಿ ಸರಿಯಾಗಿ ಮಾಡಿದಳು. ಬೆಳಕಿನ ಪ್ರಖರತೆ ಎರಡರಷ್ಟು ಮಾಡಿದರೆ ಈ 0.34 ಎಷ್ಟಾಗುತ್ತದೆ ಎಂದೆ. “ಡಬಲ್ ಆಗುತ್ತೆ” ಎಂದಳು, ಯೋಚನೆಯೇ ಇಲ್ಲದೆ. ಐನ್‌ಸ್ಟೈನ್ 1905ರಲ್ಲಿ ಹೇಳಿದ ಇಡೀ ಮಾತು ಅಲ್ಲಿ ಬಿದ್ದುಹೋಗಿತ್ತು. ಒಂದು ಎಲೆಕ್ಟ್ರಾನಿಗೆ ಸಿಗುವುದು ಒಂದೇ ಫೋಟಾನು. ಪ್ರಖರತೆ ಹೆಚ್ಚಿದರೆ ಹೊರಬರುವ ಎಲೆಕ್ಟ್ರಾನುಗಳು ಹೆಚ್ಚುತ್ತವೆ, ಒಂದೊಂದರ ಗರಿಷ್ಠ ಶಕ್ತಿ ಅಷ್ಟೇ ಇರುತ್ತದೆ. ಸೀಸಿಯಂ ಮೇಲೆ ಕೆಂಪು ದೀಪವನ್ನು ಎಷ್ಟು ಉರಿಸಿದರೂ ಒಂದು ಎಲೆಕ್ಟ್ರಾನೂ ಕದಲದು. ಮೆಕ್ಯಾನಿಕ್ಸಿನಲ್ಲಿ ಬಿಡಿಸಿಟ್ಟ ಹಾಳೆಯ ಬಂಡವಾಳ ತಪ್ಪು ಉತ್ತರದಲ್ಲಿ ಬಯಲಾಗುತ್ತದೆ; ಕ್ವಾಂಟಂನಲ್ಲಿ ಸರಿ ಉತ್ತರದ ಮರೆಯಲ್ಲಿ ಅಡಗಿ ಕೂರುತ್ತದೆ. ಹೆಚ್ಚು ಹಾನಿ ಮಾಡುವುದು ಈ ಎರಡನೆಯದೇ ಎಂದು ನನ್ನ ಅನಿಸಿಕೆ. ಪರಮಾಣುವಿನ ಲೋಕಕ್ಕೆ ಯಾವ ಸಾವನದುರ್ಗವೂ ಇಲ್ಲ, ಕಾಲಿಟ್ಟು ನೋಡುವ ಹಾಗಿಲ್ಲ. ಅಲ್ಲಿ ಇರುವುದು ಪ್ರಶ್ನೆಯೊಂದೇ.

ಹಾಳೆಗಳನ್ನು ಪೂರ್ತಿ ಬೈಯಲು ಮನಸ್ಸಿಲ್ಲ. ಬೆಳಗ್ಗೆ ಹಾಲು ಕರೆದು, ಬಸ್ಸು ಹಿಡಿದು ಕಾಲೇಜಿಗೆ ಬರುವ ಮಗುವಿಗೆ ಪಾಸಾಗುವುದು ಸಣ್ಣ ಮಾತಲ್ಲ. ಫೋಟೊ ತೆಗೆದರೆ ಉತ್ತರ ಕೊಡುವ ಮೊಬೈಲ್ ಆ್ಯಪುಗಳೂ ಈಗ ಬಂದಿವೆ. ಕೆಲವು ಚಿತ್ರವನ್ನೂ ಬರೆದುಕೊಡುತ್ತವೆ. ಆದರೆ ಬೇರೆಯವರು ಬರೆದ ಚಿತ್ರ ನೋಡುವುದಕ್ಕೂ ತಾನೇ ಬಾಣ ಎಳೆಯುವುದಕ್ಕೂ, ಬೆಟ್ಟದ ಫೋಟೊ ನೋಡುವುದಕ್ಕೂ ಹತ್ತುವುದಕ್ಕೂ ಇರುವಷ್ಟೇ ವ್ಯತ್ಯಾಸ. ಟ್ಯೂಷನ್ನುಗಳಲ್ಲೂ ಒಳ್ಳೆಯ ಮೇಷ್ಟ್ರುಗಳಿದ್ದಾರೆ, ಆದರೆ ಅವರ ಬೆನ್ನಿಗೆ ‘ಪೋರ್ಷನ್ ಮುಗಿಸಬೇಕು’ ಎಂಬ ಭೂತ ಅಂಟಿದೆ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ ಎಚ್. ನರಸಿಂಹಯ್ಯನವರು ಫಿಸಿಕ್ಸ್ ಮೇಷ್ಟ್ರೇ. ಪ್ರಶ್ನೆ ಕೇಳುವುದನ್ನೇ ಬದುಕಿನ ವ್ರತ ಮಾಡಿಕೊಂಡಿದ್ದ ಆ ಮನುಷ್ಯನ ಪಾಠದ ವಿಷಯ, ಮಾಗಡಿ ರಸ್ತೆಯ ಈ ತುದಿ ತಲುಪುವಷ್ಟರಲ್ಲಿ ಉರು ಹೊಡೆಯುವ ಸರಕಾಗಿದೆ.

ಹಾಳೆ ಸಿದ್ಧಮಾಡುವ ಮೇಷ್ಟ್ರುಗಳಲ್ಲಿ ಒಂದೇ ಕೋರಿಕೆ. ಹಾಳೆ ನಿಲ್ಲಿಸಬೇಡಿ. ಪ್ರತಿ ಲೆಕ್ಕದ ತಲೆಯ ಮೇಲೆ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಬಿಡಿ. ಬಾಣಗಳನ್ನು ಮಕ್ಕಳೇ ಎಳೆಯಲಿ.