ಹೊಣೆ ಯಾರದು? — ‘ಸಂಸ್ಕಾರ’ ಕಾದಂಬರಿಯನ್ನು ಕುರಿತು ಒಂದು ವಿಚಾರ

ಮಹಾಭಾರತದ ದ್ಯೂತಸಭೆಯಲ್ಲಿ ದ್ರೌಪದಿಯು ಕೇಳಿದುದು ಒಂದೇ ಪ್ರಶ್ನೆ: ತನ್ನನ್ನು ತಾನೇ ಸೋತವನಿಗೆ ಹೆಂಡತಿಯನ್ನು ಪಣವಾಗಿಡುವ ಅಧಿಕಾರವುಂಟೆ? ಧರ್ಮವನ್ನು ಬಲ್ಲವರಿಗೆ ಆ ಸಭೆಯಲ್ಲಿ ಕೊರತೆಯಿರಲಿಲ್ಲ. ಆದರೂ ಭೀಷ್ಮನು ಧರ್ಮದ ಗತಿ ಸೂಕ್ಷ್ಮವೆಂದು ಹೇಳಿ, ಉತ್ತರವನ್ನು ಯುಧಿಷ್ಠಿರನ ಮೇಲೆ ಹಾಕಿದನು, ಯುಧಿಷ್ಠಿರನು ಮಾತಾಡಲಿಲ್ಲ. ಕೌರವರಲ್ಲಿ ಕಿರಿಯನಾದ ವಿಕರ್ಣನೊಬ್ಬನು ಎದ್ದು ತನಗೆ ತೋರಿದುದನ್ನು ಹೇಳಿದನು. ಅವನನ್ನು ಹುಡುಗನೆಂದು ಗದರಿಸಿ ಕೂರಿಸಿದರು. ಎಳೆದು ತಂದವನ ಪಾಪ ಎಲ್ಲರಿಗೂ ಕಾಣುವುದು. ಬಲ್ಲವರೆಲ್ಲರೂ ಉತ್ತರವನ್ನು ಕೈಯಿಂದ ಕೈಗೆ ದಾಟಿಸುತ್ತ ಕುಳಿತ ಪಾಪವಾದರೋ ಅಷ್ಟು ಸುಲಭವಾಗಿ ಕಾಣುವುದಿಲ್ಲ.

ಯು. ಆರ್. ಅನಂತಮೂರ್ತಿಯವರು 1965ರಲ್ಲಿ ಪ್ರಕಟಿಸಿದ ‘ಸಂಸ್ಕಾರ’ವನ್ನು ಈಚೆಗೆ ಮರಳಿ ಓದುವಾಗ ಈ ಸಭೆಯ ಚಿತ್ರವೇ ಮತ್ತೆ ಮತ್ತೆ ನನ್ನ ಕಣ್ಣಮುಂದೆ ನಿಂತಿತು. ಈ ಕೃತಿಯ ಮೇಲೆ ನಡೆದಷ್ಟು ಚರ್ಚೆ ಕನ್ನಡದಲ್ಲಿ ಬಹು ಕಡಮೆ ಕಾದಂಬರಿಗಳ ಮೇಲೆ ನಡೆದಿರಬಹುದು. 1970ರಲ್ಲಿ ಇದು ಚಲನಚಿತ್ರವಾಯಿತು, 1976ರಲ್ಲಿ ಎ. ಕೆ. ರಾಮಾನುಜನ್ನರ ಇಂಗ್ಲಿಷ್ ಅನುವಾದ ಹೊರಬಂದಿತು. ಆಚಾರವಂತರ ಪತನವೆಂದು ಕೆಲವರು ಇದನ್ನು ಓದಿದರು. ಒಂದು ಪಂಗಡದ ನಿಂದೆಯೆಂದು ಕೆಲವರು ಮುನಿದರು. ಎರಡು ಓದಿಗೂ ಆಧಾರವಿಲ್ಲದೆ ಇಲ್ಲ. ಆದರೆ ಕಥೆಯ ನಡುಗಂಬ ಬೇರೊಂದೆಂದು ನನಗೆ ತೋರುವುದು. ಅಂಗಳದಲ್ಲಿ ಬಿದ್ದಿರುವ ಕೆಲಸಕ್ಕೆ ‘ನಾನು’ ಎಂದು ಮುಂದೆ ಬರುವವರು ಯಾರು ಎಂಬುದೇ ಆ ಪ್ರಶ್ನೆ.

ಕಥೆ ಬಲ್ಲವರಿಗೆ ವಿಸ್ತಾರ ಬೇಡ. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಬದುಕಿದ್ದಾಗ ಮದ್ಯಮಾಂಸಗಳನ್ನು ಸೇವಿಸಿ, ಸಾಲಿಗ್ರಾಮವನ್ನು ಹೊಳೆಗೆಸೆದು, ಚಂದ್ರಿಯೊಡನೆ ಸಂಸಾರ ಮಾಡಿದವನು. ಆದರೂ ಅವನಿಗೆ ಬಹಿಷ್ಕಾರವಾಗಿಲ್ಲ. ಶವ ಹೋಗುವ ತನಕ ಯಾರಿಗೂ ಊಟವಿಲ್ಲ. ಸಂಸ್ಕಾರ ಮಾಡತಕ್ಕವರು ಯಾರು? ಬಂಧುಗಳಾದ ಗರುಡಾಚಾರ್ಯನೂ ಲಕ್ಷ್ಮಣಾಚಾರ್ಯನೂ ಹಿಂಜರಿಯುವರು. ಚಂದ್ರಿಯು ಖರ್ಚಿಗೆಂದು ಒಡವೆಗಳನ್ನು ತೆಗೆದಿಟ್ಟ ಮೇಲೆ ಹಿಂಜರಿಕೆ ಹೋಗಿ ಆಸೆ ಹುಟ್ಟುವುದು. ಆಗಲೂ ಶವ ಮಾತ್ರ ಅಲ್ಲಿಯೇ. ಅಗ್ರಹಾರವು ಪ್ರಾಣೇಶಾಚಾರ್ಯರನ್ನು ಕೇಳುವುದು, ಆಚಾರ್ಯರು ಗ್ರಂಥಗಳನ್ನು ಕೇಳುವರು, ಗ್ರಂಥ ಮೌನವಾಗಲು ಮಾರುತಿಯ ಪ್ರಸಾದವನ್ನು ಬೇಡುವರು, ಹೂ ಬೀಳುವುದಿಲ್ಲ. ಬ್ರಾಹ್ಮಣರು ಕೈಮರಕ್ಕೂ ಅಲ್ಲಿಂದ ಮಠಕ್ಕೂ ನಡೆಯುವರು. ಅತ್ತ ಇಲಿಗಳು ಸಾಯುತ್ತಿವೆ, ಮಾಳಿಗೆಯ ಮೇಲೆ ಹದ್ದುಗಳು ಕೂತಿವೆ. ಶಂಖ ಜಾಗಟೆಗಳಿಂದ ಹದ್ದನ್ನು ಓಡಿಸುವುದಕ್ಕೆ ಎಲ್ಲರೂ ಮುಂದಾಗುವರು. ಹೆಣವನ್ನೆತ್ತುವುದಕ್ಕೆ ಒಬ್ಬರೂ ಇಲ್ಲ.

ಇಲ್ಲಿ ಆಚಾರ್ಯರ ಪರವಾಗಿ ಒಂದು ಮಾತನ್ನು ಹೇಳಲೇಬೇಕು. ತಪ್ಪು ನಿರ್ಣಯವಾದರೆ ಕೆಡುವುದು ಇಡೀ ಅಗ್ರಹಾರ. ಅಂಥ ಸಂದರ್ಭದಲ್ಲಿ ಬಲ್ಲವರನ್ನು ಕೇಳುವುದು ವಿವೇಕವೇ ಹೊರತು ಹೇಡಿತನವಲ್ಲ. ನಿಜ. ಆದರೆ ಕೇಳುವುದರಲ್ಲಿ ಎರಡು ಬಗೆ. ದಾರಿ ತಿಳಿಯಲೆಂದು ಕೇಳುವುದು ಒಂದು. ಭಾರ ಇಳಿಯಲೆಂದು ಕೇಳುವುದು ಇನ್ನೊಂದು. ಉತ್ತರ ಬಾರದಾಗ ಕೇಳಿದವನು ಏನು ಮಾಡುವನೆಂಬುದರಿಂದ ಇವೆರಡರ ಭೇದ ಗೊತ್ತಾಗುವುದು. ಮೊದಲನೆಯವನು ತನ್ನ ಬುದ್ಧಿಗೆ ತೋರಿದುದನ್ನು ಮಾಡಿ, ಬಂದ ಫಲಕ್ಕೆ ತಲೆಯೊಡ್ಡುವನು. ಎರಡನೆಯವನು ಬರಿಗೈಯಲ್ಲಿ ಹಿಂದಿರುಗುವನು. ಮಾರುತಿಯ ಗುಡಿಯಿಂದ ಆಚಾರ್ಯರು ಹಿಂದಿರುಗಿದುದು ಬರಿಗೈಯಲ್ಲಿಯೇ.

ಇದಕ್ಕೆ ಕಾರಣವನ್ನು ಕಾದಂಬರಿಕಾರರು ಬಹಳ ಸೂಕ್ಷ್ಮವಾಗಿ ಸೂಚಿಸಿದ್ದಾರೆ. ಆಚಾರ್ಯರು ರೋಗಿಷ್ಠೆಯಾದ ಭಾಗೀರಥಿಯನ್ನು ತಿಳಿದೂ ತಿಳಿದೂ ಮದುವೆಯಾದವರು, ವರ್ಷಗಟ್ಟಲೆ ಬೇಸರವಿಲ್ಲದೆ ಸೇವೆ ಮಾಡಿದವರು. ಆದರೆ ಆ ಸೇವೆ ಅವರ ತಪಸ್ಸು, ಅವರ ಮೋಕ್ಷದ ಮೆಟ್ಟಿಲು. ನಾರಣಪ್ಪನನ್ನು ತಿದ್ದುವ ಹಟದಲ್ಲಿಯೂ ತಮ್ಮ ತಪೋಬಲದ ಪರೀಕ್ಷೆಯೇ ಇದ್ದಿತು. ತನ್ನ ಪುಣ್ಯದ ಲೆಕ್ಕವನ್ನು ಶುದ್ಧವಾಗಿಟ್ಟುಕೊಳ್ಳುವವನು ಸಜ್ಜನನಿರಬಹುದು. ಹೊಣೆಗಾರನು ಆಗಿಯೇ ಇರಬೇಕೆಂಬ ನಿಯಮವಿಲ್ಲ. ಹೊಣೆಯನ್ನು ಹೊರುವುದೆಂದರೆ ಆ ಲೆಕ್ಕದಲ್ಲಿ ಕಲೆ ಬೀಳುವುದಕ್ಕೂ ಸಿದ್ಧನಾಗುವುದು.

ಆ ರಾತ್ರಿ ಕಾಡಿನಲ್ಲಿ ಚಂದ್ರಿಯೊಡನೆ ನಡೆದ ಸಂಗವು ಆಚಾರ್ಯರನ್ನು ಈ ಪ್ರಶ್ನೆಗೆ ನೇರವಾಗಿ ಎದುರುಮಾಡುವುದು. ಅದು ತಾನು ಮಾಡಿದುದೋ, ತನ್ನ ಮೇಲೆ ಬಂದೆರಗಿದುದೋ? ಬಯಸದೆ ಆದುದಕ್ಕೂ ತಾನು ಉತ್ತರವಾದಿಯೆ? ಎಲ್ಲರೆದುರು ಒಪ್ಪಿಕೊಂಡಾಗ ಮಾತ್ರ ಅದು ತನ್ನದಾಗುವುದೆಂಬ ನಿಲವಿಗೆ ಅವರು ಮೆಲ್ಲಮೆಲ್ಲನೆ ಬರುವರು. ಆದರೆ ಆ ನಡುವೆಯೇ, ಹೆಂಡತಿ ಸತ್ತ ಸೂತಕದಲ್ಲಿ, ಮೇಳಿಗೆಯ ಜಾತ್ರೆಯ ಪಂಕ್ತಿಯಲ್ಲಿ ಯಾರಿಗೂ ಹೇಳದೆ ಊಟಕ್ಕೆ ಕೂರುವರು. ಮೌನದಿಂದ ಹತ್ತು ಜನರನ್ನು ತನ್ನ ತಪ್ಪಿನಲ್ಲಿ ಪಾಲುಗಾರರನ್ನಾಗಿ ಮಾಡುವ ಈ ಪ್ರಸಂಗ, ನನ್ನ ಮಟ್ಟಿಗೆ, ಕಾಡಿನ ಪ್ರಸಂಗಕ್ಕಿಂತ ಭಯಂಕರವಾದುದು. ಒಳಗಿನ ತೊಳಲಾಟವೆಷ್ಟಿದ್ದರೂ ಹೊರಗೆ ಆಡದ ಮಾತು ಇತರರಿಗೆ ಮೋಸವೇ ಸರಿ.

ಇಷ್ಟನ್ನು ಮೆಚ್ಚಿಯೂ ಒಂದು ಆಕ್ಷೇಪಣೆಯನ್ನು ಹೇಳದಿರಲಾರೆ. ಶವವನ್ನು ಕೊನೆಗೆ ಸುಟ್ಟವರು ಯಾರು? ಚಂದ್ರಿ. ಅವಳಿಗೆ ನೆರವಾದವನು ಮೀನಿನ ವ್ಯಾಪಾರಿ ಅಹ್ಮದ್ ಬ್ಯಾರಿ, ಹಿಂದೊಮ್ಮೆ ನಾರಣಪ್ಪನ ಉಪಕಾರ ಪಡೆದವನು. ರಾತ್ರಿ ಗಾಡಿ ತಂದು, ಕೆಲಸ ಮುಗಿಸಿ, ಹೊರಟುಹೋಗುವನು. ಅವರು ಗ್ರಂಥವನ್ನು ಕೇಳಲಿಲ್ಲ, ಹೂವಿಗೆ ಕಾಯಲಿಲ್ಲ. ಕಾದಂಬರಿಯ ಮುಖ್ಯ ಪ್ರಶ್ನೆಗೆ ಉತ್ತರವನ್ನು ಕೊಟ್ಟವರು ಇವರಿಬ್ಬರೇ. ಆದರೂ ಇವರು ಕೆಲವು ಪುಟಗಳಲ್ಲಿ ಕಾಣಿಸಿಕೊಂಡು ಮರೆಯಾಗುವರು. ಮುಂದಿನ ಭಾಗವೆಲ್ಲ ಆಚಾರ್ಯರ ಅಂತರಂಗಕ್ಕೆ ಮೀಸಲು. ಶವ ಬೂದಿಯಾಗಿರುವುದು ಆಚಾರ್ಯರಿಗೆ ಕೊನೆಯವರೆಗೂ ತಿಳಿಯದು. ಇದು ಲೇಖಕರ ಉದ್ದೇಶಪೂರ್ವಕವಾದ ವ್ಯಂಗ್ಯವೆಂದು ವಾದಿಸಬಹುದು. ಚಂದ್ರಿಯ ಹಿರಿಮೆ ಅವಳು ತರ್ಕಿಸದೆ ಮಾಡಿದುದರಲ್ಲಿಯೇ ಇದೆಯೆಂದೂ ಹೇಳಬಹುದು. ಒಪ್ಪೋಣ. ಆದರೂ ಹೊಣೆಯನ್ನು ಕುರಿತು ಚಿಂತಿಸಿದವನಿಗೆ ಸಂದಷ್ಟು ಗೌರವ ಹೊಣೆಯನ್ನು ಹೊತ್ತವಳಿಗೆ ಸಲ್ಲಲಿಲ್ಲವೆಂಬ ಕೊರಗು ನನ್ನಲ್ಲಿ ಉಳಿಯಿತು. ನಾವು ಓದುಗರೂ ಈ ತಪ್ಪಿನಲ್ಲಿ ಪಾಲುಗಾರರೇ. ಆಚಾರ್ಯರ ತೊಳಲಾಟವನ್ನು ಚರ್ಚಿಸಿದೆವು, ಗಾಡಿ ಹೊಡೆದವನನ್ನು ಮರೆತೆವು.

ದೂರ್ವಾಸಪುರವು ದೂರದ ಊರೆಂದು ಯಾರೂ ಭಾವಿಸಬೇಕಾಗಿಲ್ಲ. ಇಂದು ಅರ್ಜಿ ಹಿಡಿದು ಕಚೇರಿಗೆ ಹೋದ ಮುದುಕಿಗೆ ಗುಮಾಸ್ತನು ಸಾಹೇಬರನ್ನು ತೋರಿಸುವನು. ಸಾಹೇಬರು ಮೇಲಿನ ಆಜ್ಞೆಯನ್ನು ತೋರಿಸುವರು. ಕಟ್ಟಕಡೆಗೆ, ಸರ್ವರ್ ಕೆಲಸ ಮಾಡುತ್ತಿಲ್ಲವೆಂದು ಕಂಪ್ಯೂಟರನ್ನು ತೋರಿಸುವರು. ಹೂ ಬೀಳದ ಮಾರುತಿಯ ಸ್ಥಾನದಲ್ಲಿ ಈಗ ಯಂತ್ರವನ್ನು ಕೂರಿಸಿದ್ದೇವೆ. ಅಲ್ಲಿ ಯಾರೂ ದುಷ್ಟರಲ್ಲ. ಎಲ್ಲರ ಬಳಿಯೂ ನಿಯಮವಿದೆ. ಮುದುಕಿ ಮಾತ್ರ ಬಿಸಿಲಿನಲ್ಲಿ ಮನೆಗೆ ಹಿಂದಿರುಗುವಳು. ಆ ಸಾಲಿನಲ್ಲಿ ನಾನೂ ಒಮ್ಮೆ ನಿಂತವನು. ಮೇಜಿನ ಆಚೆಯಲ್ಲಿಯೂ ಹಲವು ವರ್ಷ ಕುಳಿತವನು. ಆದುದರಿಂದ ಇದನ್ನು ಬರೆಯುವಾಗ ಬೆರಳು ಬೇರೆಯವರ ಕಡೆಗೆ ಮಾತ್ರ ತಿರುಗಲಾರದು.

ಕಾದಂಬರಿ ಮುಗಿಯುವಾಗ ಆಚಾರ್ಯರು ದೂರ್ವಾಸಪುರದ ಕಡೆಗೆ ಹೋಗುವ ಗಾಡಿಯಲ್ಲಿ ಕುಳಿತಿದ್ದಾರೆ. ಹೇಳಬೇಕಾದುದನ್ನು ಇನ್ನೂ ಹೇಳಿಲ್ಲ. ಕೆಲವರು ಇದನ್ನು ಅಪೂರ್ಣವೆಂದಿದ್ದಾರೆ. ನನಗೆ ಇದೇ ಸರಿಯಾದ ಮುಕ್ತಾಯವೆಂದು ತೋರುವುದು. ಗಾಡಿಯಿಂದಿಳಿದು ಮಾತನ್ನು ಆಡುವ ಕೆಲಸವನ್ನು ಕಥೆಗಾರನು ಆಚಾರ್ಯರ ಪರವಾಗಿ ಮಾಡಿಕೊಡಲಾರನು. ಓದುಗನ ಪರವಾಗಿಯೂ ಅಷ್ಟೆ.