ಮುಪ್ಪಿಗೆ ಒಪ್ಪುವ ಪದ

ಹೋದ ವರ್ಷ ಮಳೆಗಾಲದಲ್ಲಿ ನಮ್ಮೂರಿನ ಒಂದು ಸೇವಾಸಂಸ್ಥೆಯವರು ನನ್ನಲ್ಲಿಗೆ ಒಂದು ಇಂಗ್ಲಿಷ್ ಕೈಪಿಡಿಯನ್ನು ತಂದುಕೊಟ್ಟರು. ವಯಸ್ಸಾದವರನ್ನು ಅವರವರ ಮನೆಯಲ್ಲೇ ನೋಡಿಕೊಳ್ಳುವ ಕೆಲಸಕ್ಕೆ ಹೆಣ್ಣುಮಕ್ಕಳಿಗೆ ತರಬೇತಿ ಕೊಡುವುದು ಅವರ ಯೋಜನೆ. ಅದಕ್ಕಾಗಿ ಕೈಪಿಡಿ ಕನ್ನಡಕ್ಕೆ ಬರಬೇಕಾಗಿತ್ತು. 34 ವರ್ಷ ಧಾರವಾಡದಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದ ನನಗೆ ಇದು ಎರಡು ದಿನದ ಕೆಲಸ ಎಂದು ಅವರೂ ತಿಳಿದಿದ್ದರು, ನಾನೂ ತಿಳಿದಿದ್ದೆ. ಹಿಡಿದದ್ದು ಎರಡು ತಿಂಗಳು. ಸ್ನಾನ ಮಾಡಿಸುವುದು, ಮಗ್ಗುಲು ಬದಲಿಸುವುದು, ಗುಳಿಗೆಯ ಲೆಕ್ಕ ಇಡುವುದು ಇವೆಲ್ಲ ಸರಾಗವಾಗಿ ಕನ್ನಡವಾದವು. ನಾನು ಸಿಕ್ಕಿಬಿದ್ದದ್ದು ಒಂಬತ್ತನೆಯ ಪುಟದಲ್ಲಿ.

ಆ ಪುಟದಲ್ಲಿ ಎರಡು ಸಾಲಿನ ಒಂದು ಪಟ್ಟಿ ಇತ್ತು. ಎಡಗಡೆ ಬಳಸಬಾರದ ಪದಗಳು: ಏಜ್ಡ್, ಎಲ್ಡರ್ಲಿ, ಸೀನಿಯರ್ಸ್, ಸೀನಿಯರ್ ಸಿಟಿಜನ್, ಜೀರಿಯಾಟ್ರಿಕ್, ಸೀನೈಲ್. ಬಲಗಡೆ ಬಳಸಬೇಕಾದವು: ಓಲ್ಡರ್ ಅಡಲ್ಟ್, ಓಲ್ಡರ್ ಪರ್ಸನ್, ಓಲ್ಡರ್ ಪೀಪಲ್. ಎಡಗಡೆಯ ಆರು ಪದಗಳಿಗೂ ನನಗೆ ಕನ್ನಡ ಹೊಳೆಯಿತು. ಬಲಗಡೆಯ ಮೂರಕ್ಕೂ ಸೇರಿ ಹೊಳೆದದ್ದು ಒಂದೇ, 'ಹಿರಿಯರು'. ಆದರೆ ಅದನ್ನು ಆಗಲೇ ಎಡಗಡೆ 'ಹಿರಿಯ ನಾಗರಿಕ'ನಿಗೆ ಖರ್ಚು ಮಾಡಿಬಿಟ್ಟಿದ್ದೆ.

ಇಂಥ ಪಟ್ಟಿಗಳನ್ನು ಕಂಡು ನಗುವುದು ಸುಲಭ. ನಾನೂ ಮೊದಲು ನಕ್ಕೆ. ಆಮೇಲೆ ಈ ಪದಗಳ ಜಾತಕವನ್ನು ಒಂದೊಂದಾಗಿ ತೆಗೆದು ನೋಡಿದಾಗ ನಗು ಕಡಿಮೆಯಾಯಿತು. 'ಸೀನಿಯರ್ ಸಿಟಿಜನ್' ಎಂಬುದು 1938ರಲ್ಲಿ ಅಮೆರಿಕದ ಚುನಾವಣೆಯ ಮಾತಿನಲ್ಲಿ ಮೊದಲು ಕಾಣಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಪಿಂಚಣಿಯ ಭರವಸೆ ಕೊಡುತ್ತ ಸೆನೆಟ್ಟಿಗೆ ನಿಂತಿದ್ದ ಶೆರಿಡನ್ ಡೌನಿ ಎಂಬವರು ಮತದಾರರನ್ನು ಓಲೈಸಲು ಬಳಸಿದ ಪದ ಅದು. 'ಓಲ್ಡ್ ಏಜ್ ಪೆನ್ಶನ್' ಎಂಬ ನೇರವಾದ ಹೆಸರಿಟ್ಟು 1908ರಲ್ಲೇ ಬ್ರಿಟನ್ನು ಕಾಯಿದೆ ಮಾಡಿತ್ತು. ಆಗ ಯಾರಿಗೂ ಅದು ಅವಮಾನ ಅನ್ನಿಸಿದಂತಿಲ್ಲ. ಅಲ್ಲಿಯೇ 1961ರಲ್ಲಿ 'ಹೆಲ್ಪ್ ದಿ ಏಜ್ಡ್' ಎಂಬ ಸಂಸ್ಥೆ ಹುಟ್ಟಿತು. 2009ರಲ್ಲಿ ಅದು ಇನ್ನೊಂದು ಸಂಸ್ಥೆಯೊಡನೆ ಕೂಡಿ 'ಏಜ್ ಯುಕೆ' ಆದಾಗ 'ಏಜ್ಡ್' ಎಂಬುದು ಕಳಚಿಬಿತ್ತು. ವಿಶ್ವಸಂಸ್ಥೆ 1990ರಲ್ಲಿ ಅಕ್ಟೋಬರ್ 1ನ್ನು 'ಎಲ್ಡರ್ಲಿ'ಗಳ ದಿನವೆಂದು ಗೊತ್ತುಮಾಡಿತು. 1995ರ ಹೊತ್ತಿಗೆ ಅದರ ಸಮಿತಿಯೊಂದು ಚಾಲ್ತಿಯಲ್ಲಿದ್ದ ಪದಗಳನ್ನೆಲ್ಲ ಸಾಲಾಗಿ ನಿಲ್ಲಿಸಿ 'ಓಲ್ಡರ್ ಪರ್ಸನ್ಸ್' ಎಂಬುದನ್ನು ಆರಿಸಿಕೊಂಡಿತು. ಅಮೆರಿಕದ ವೃದ್ಧಾಪ್ಯ ವೈದ್ಯಸಂಘದ ಪತ್ರಿಕೆ 2017ರಲ್ಲಿ 'ಓಲ್ಡರ್ ಅಡಲ್ಟ್' ಎಂದೇ ಬರೆಯಬೇಕೆಂದಿತು. 2020ರಲ್ಲಿ ಬಂದ ಅಲ್ಲಿನ ವೈದ್ಯಕೀಯ ಬರವಣಿಗೆಯ ಕೈಪಿಡಿಯೂ ಅದನ್ನೇ ಹೇಳಿತು. ನನ್ನ ಒಂಬತ್ತನೆಯ ಪುಟ ಈ ವಂಶದ ಕೂಸು.

ಸ್ಟೀವನ್ ಪಿಂಕರ್ ಎಂಬ ಭಾಷಾವಿಜ್ಞಾನಿ 1994ರಲ್ಲಿ ಈ ಓಟಕ್ಕೆ ಒಂದು ಹೆಸರು ಕೊಟ್ಟ. ನಿಂತಲ್ಲೇ ಓಡುವ ಯಂತ್ರದ ಹಾಗೆ, ನಯವಾದ ಪದವೊಂದು ಬರುತ್ತದೆ, ತಾನು ಹೆಸರಿಸುವ ವಸ್ತುವಿನ ಬಗ್ಗೆ ಜನರಿಗಿರುವ ತಾತ್ಸಾರವನ್ನೇ ಹೀರಿಕೊಂಡು ಕೊಳೆಯಾಗುತ್ತದೆ, ಇನ್ನೊಂದು ಬರುತ್ತದೆ; ಎಷ್ಟು ಓಡಿದರೂ ಇದ್ದಲ್ಲೇ ಇರುತ್ತೇವೆ. ಇದು ನಿಜ. ಆದರೆ ಇಂಗ್ಲಿಷೇ ಯಾಕೆ ಇಷ್ಟು ಓಡಬೇಕು ಎಂಬ ಪ್ರಶ್ನೆ ಇದರಿಂದ ತೀರುವುದಿಲ್ಲ.

ನನಗೆ ಹೊಳೆದ ಕಾರಣ ಎರಡು. ಒಂದು, ಇಂಗ್ಲಿಷಿನಲ್ಲಿ 'ಓಲ್ಡ್' ಎಂಬ ಒಂದೇ ಪದದಿಂದ ಹರಿದ ಚಪ್ಪಲಿಯನ್ನೂ ಹೆತ್ತ ಅಪ್ಪನನ್ನೂ ವರ್ಣಿಸಬೇಕು. ನಮ್ಮಲ್ಲಿ ಚಪ್ಪಲಿ ಹಳೆಯದು, ಎತ್ತು ಮುದಿಯದು, ಅಪ್ಪ ಹಿರಿಯ. 'ಹಳೆಯ ಅಪ್ಪ' ಎಂದರೆ ಮಕ್ಕಳೂ ನಗುತ್ತಾರೆ. ಎರಡನೆಯದು ಹೆಚ್ಚು ಮುಖ್ಯ. ನಮಗೆ ಮರ್ಯಾದೆ ಇರುವುದು ನಾಮಪದದಲ್ಲಲ್ಲ, ಕ್ರಿಯಾಪದದ ಬಾಲದಲ್ಲಿ. 'ಬಂದ' ಎನ್ನುವುದಕ್ಕೂ 'ಬಂದರು' ಎನ್ನುವುದಕ್ಕೂ ನಡುವೆ ನಮ್ಮ ಇಡೀ ಸಮಾಜವೇ ಇದೆ. ಇಂಗ್ಲಿಷ್ ತನ್ನ 'ದೌ' ಎಂಬ ಏಕವಚನವನ್ನು ದಿನಬಳಕೆಯಿಂದ ಕಳೆದುಕೊಂಡು ರಾಜನಿಗೂ ನಾಯಿಗೂ 'ಯು' ಎನ್ನುತ್ತದೆ. ಕ್ರಿಯಾಪದ ಕೈಬಿಟ್ಟ ಮೇಲೆ ಮರ್ಯಾದೆಯ ಭಾರವೆಲ್ಲ ಪಾಪ ನಾಮಪದದ ತಲೆಗೆ ಬಂತು. ಹೊತ್ತು ಹೊತ್ತು ಅದು ಸವೆಯುತ್ತದೆ.

ಹಾಗೆಂದು ಇಂಗ್ಲಿಷಿಗೆ ಹಿರಿತನದ ಗೌರವ ಗೊತ್ತಿರಲಿಲ್ಲವೆಂದಲ್ಲ. 'ಸೆನೆಟ್' ಎಂದರೆ ಲ್ಯಾಟಿನ್ನಿನಲ್ಲಿ ಮುದುಕರ ಸಭೆ. 'ಪ್ರೀಸ್ಟ್' ಎಂಬುದರ ಬೇರಿನಲ್ಲಿ ಗ್ರೀಕಿನ 'ಹಿರಿಯ' ಇದ್ದಾನೆ. 'ಆಲ್ಡರ್‌ಮನ್' ಎಂದರೆ ಹಿರಿಯನೇ. 34 ವರ್ಷ ಹುಡುಗರು ನನ್ನನ್ನು 'ಸರ್' ಎಂದು ಕೂಗಿದರಲ್ಲ, ಆ 'ಸರ್' ಲ್ಯಾಟಿನ್ನಿನ 'ಸೀನಿಯರ್' ಎಂಬುದರಿಂದಲೇ ಫ್ರೆಂಚಿನ ಮೂಲಕ ಸವೆದು ಬಂದದ್ದು. ಆದರೆ ಅದೇ ಬೇರಿನಿಂದ 'ಸೀನೈಲ್' ಎಂಬ ಬೈಗುಳವೂ ಹುಟ್ಟಿತು. ಒಂದೇ ಬಸಿರಿನ ಮಕ್ಕಳಲ್ಲಿ ಒಬ್ಬ ಸಭೆಗೆ ಹೋದ, ಇನ್ನೊಬ್ಬ ಆಸ್ಪತ್ರೆಗೆ. ನಮ್ಮ 'ವೃದ್ಧ'ನ ಕಥೆಯೂ ಬೇರೆಯಲ್ಲ. ಬೆಳೆಯುವುದು ಎಂಬ ಸಂಸ್ಕೃತ ಧಾತುವಿನಿಂದ ಬಂದದ್ದು ಅದು. 'ವೃದ್ಧ' ಎಂದರೆ ಬೆಳೆದವನು. ಈಗ 'ವೃದ್ಧಿ' ಎಂದರೆ ಸಂತೋಷಪಡುವ ನಾವು 'ವೃದ್ಧ' ಎಂದರೆ ಆಶ್ರಮವನ್ನು ನೆನೆಯುತ್ತೇವೆ. ಪತ್ರಿಕೆಯ ಅಪಘಾತದ ಸುದ್ದಿಯಲ್ಲಿ '60 ವರ್ಷದ ವೃದ್ಧ' ಎಂದು ಓದಿದಾಗಲೆಲ್ಲ 68ರ ನಾನು ಒಮ್ಮೆ ಕನ್ನಡಿ ನೋಡಿಕೊಳ್ಳುತ್ತೇನೆ.

ಆದ್ದರಿಂದ ಪಟ್ಟಿ ಮಾಡುವವರ ಪರವಾಗಿ ಹೇಳಬೇಕಾದದ್ದು ಇದೆ. 'ದಿ ಎಲ್ಡರ್ಲಿ' ಎಂದು ಗುಣವಾಚಕವನ್ನೇ ಹೆಸರು ಮಾಡಿದಾಗ ಮನುಷ್ಯ ಮಾಯವಾಗಿ ಒಂದು ಗುಂಪು ಉಳಿಯುತ್ತದೆ. 'ಓಲ್ಡರ್ ಪರ್ಸನ್' ಎಂಬಲ್ಲಿ ಕನಿಷ್ಠ ಪಕ್ಷ ಒಬ್ಬ 'ಪರ್ಸನ್' ಇದ್ದಾನೆ. ಪದಗಳು ಬರೀ ಪದಗಳಾಗಿಯೂ ಉಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಹೊಸ ರೋಗಪಟ್ಟಿಯಲ್ಲಿ 'ಸೀನಿಲಿಟಿ' ಎಂಬುದರ ಬದಲು 'ಓಲ್ಡ್ ಏಜ್' ಎಂದು ಬರೆಯಲು ಹೊರಟಿತ್ತು. ಮುಪ್ಪನ್ನೇ ಕಾಯಿಲೆಯೆಂದು ಬರೆದರೆ ವೈದ್ಯರು ನಿಜವಾದ ಕಾಯಿಲೆಯನ್ನು ಹುಡುಕುವುದನ್ನೇ ಬಿಟ್ಟಾರು ಎಂದು ಹಲವು ಕಡೆಯಿಂದ ಆಕ್ಷೇಪ ಬಂದ ಮೇಲೆ ಆ ಮಾತನ್ನು ಕೈಬಿಟ್ಟಿತು. ಪಟ್ಟಿ 2022ರಲ್ಲಿ ಜಾರಿಗೆ ಬಂತು. ಯೇಲ್ ವಿಶ್ವವಿದ್ಯಾಲಯದ ಬೆಕಾ ಲೆವಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಹಾಯೊದ ಊರೊಂದರ 50 ದಾಟಿದ 660 ಜನರ ಪೈಕಿ ತಮ್ಮ ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇದ್ದವರು ಇಲ್ಲದವರಿಗಿಂತ ಏಳೂವರೆ ವರ್ಷ ಹೆಚ್ಚು ಬದುಕಿದ್ದು ಕಂಡುಬಂತು. ಸುತ್ತಲಿನವರ ಮಾತು ಮೈಗೆ ಇಳಿಯುತ್ತದೆ ಎಂದು ನಮ್ಮ ಹಳಬರು ತಿಳಿದದ್ದೂ ಇದನ್ನೇ.

ಪಟ್ಟಿ ಎಡವುವುದು ಇನ್ನೊಂದು ಕಡೆ. ಪದ ಬದಲಾದರೆ ಕೆಲಸ ಮುಗಿಯಿತೆಂಬ ನೆಮ್ಮದಿಯನ್ನು ಅದು ಕೊಡುತ್ತದೆ. ನಮ್ಮ ಸರಕಾರಗಳಿಗೆ ಈ ನೆಮ್ಮದಿ ಬಹಳ ಪ್ರಿಯ. 2007ರ ಕಾಯಿದೆ 60 ದಾಟಿದವರನ್ನೆಲ್ಲ ಹಿರಿಯ ನಾಗರಿಕರೆಂದಿತು. 2011ರ ಬಜೆಟ್ಟು 80 ದಾಟಿದವರದ್ದೇ ಒಂದು ಬೇರೆ ವರ್ಗ ಮಾಡಿತು; ಅವರಿಗೆ, ಅಂಗಡಿಯ ಸಾಬೂನಿನ ಹಾಗೆ, 'ಸೂಪರ್ ಸೀನಿಯರ್' ಎಂಬ ಹೆಸರು ಬಿತ್ತು. ಹಿರಿಯ ನಾಗರಿಕರಿಗೆ ರೈಲಿನಲ್ಲಿದ್ದ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತಾಗ ಹೆಸರು ಮಾತ್ರ ಹಾಗೇ ಉಳಿಯಿತು.

ಇನ್ನು ನಯದ ಪದವೇ ಚುಚ್ಚುವುದೂ ಉಂಟು. ಮ್ಯಾಗಿ ಕೂನ್ ಎಂಬ ಅಮೆರಿಕದ ಹೆಂಗಸನ್ನು 65 ತುಂಬಿತೆಂದು 1970ರಲ್ಲಿ ಕೆಲಸದಿಂದ ಬಿಡಿಸಿದರು. ಆಕೆ ಸಿಟ್ಟಿನಿಂದ 'ಗ್ರೇ ಪ್ಯಾಂಥರ್ಸ್' ಎಂಬ ಸಂಘಟನೆ ಕಟ್ಟಿದಳು. 1974ರಲ್ಲಿ ಪಿಂಚಣಿ ಮಸೂದೆಗೆ ಸಹಿ ಹಾಕುವ ಸಮಾರಂಭದಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಆಕೆಯನ್ನು 'ತರುಣಿ' ಎಂದು ಕರೆದು ಮಾತಾಡಲು ಹೇಳಿದರಂತೆ. ತಾನು ತರುಣಿಯಲ್ಲ, ಮುದುಕಿ ಎಂದು ಆಕೆ ಅಲ್ಲಿಯೇ ತಿದ್ದಿದಳು. ನನ್ನ ಪಟ್ಟಿಯಲ್ಲಿ ಎಡಗಡೆ ಬೀಳಬಹುದಾದ ಪದವನ್ನು ಆಕೆ ತಲೆಯೆತ್ತಿ ಹೇಳಿಕೊಂಡಳು. ಅಧ್ಯಕ್ಷರ ಬಾಯಲ್ಲಿದ್ದ ಸಿಹಿ ಪದ ಆಕೆಗೆ ಬೇಡವಾಗಿತ್ತು.

ಇಷ್ಟನ್ನು ಬರೆದು ನಾನು ಬುದ್ಧಿವಂತನಂತೆ ಮುಗಿಸಿಬಿಡಬಹುದಿತ್ತು. ಆದರೆ ಒಂಬತ್ತನೆಯ ಪುಟದಲ್ಲಿ ನಾನು ಸಿಕ್ಕಿಬಿದ್ದದ್ದು ಪದಕೋಶದ ಕಾರಣಕ್ಕಲ್ಲ.

2019ರಲ್ಲಿ ನನ್ನ ಅವ್ವ ಬಚ್ಚಲಿನಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಳು. ಆಗ ಅವಳಿಗೆ 91. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದೆವು. ಅಲ್ಲಿಯ ಒಬ್ಬ ನರ್ಸು ಒಳ್ಳೆಯ ಹುಡುಗಿ, ಕೆಲಸದಲ್ಲಿ ಚುರುಕು. ಗುಳಿಗೆ ಕೊಡುವಾಗ ಮಾತ್ರ "ಗುಡ್ ಗರ್ಲ್, ಬಾಯಿ ತಗಿ ನೋಡೋಣ" ಎನ್ನುವಳು. ಅವ್ವ ಹಲ್ಲು ಕಚ್ಚಿ ಮುಖ ತಿರುಗಿಸುವಳು. ಹಟಮಾರಿ ಎಂದು ನಾನೂ ನರ್ಸೂ ನಗುತ್ತಿದ್ದೆವು. ಇಂಥ ಮಾತಿಗೆ ಇಂಗ್ಲಿಷಿನಲ್ಲಿ 'ಎಲ್ಡರ್‌ಸ್ಪೀಕ್' ಎಂಬ ಹೆಸರಿದೆಯೆಂದೂ, ಕೂಸಿನ ಹಾಗೆ ಮಾತಾಡಿಸಿದಾಗ ಮರೆವಿನ ರೋಗಿಗಳು ಕೂಡ ಆರೈಕೆಗೆ ಹೆಚ್ಚು ಪ್ರತಿರೋಧ ತೋರುತ್ತಾರೆಂದು ಕ್ರಿಸ್ಟೀನ್ ವಿಲಿಯಮ್ಸ್ ಎಂಬ ಸಂಶೋಧಕಿ ಕ್ಯಾನ್ಸಸ್ಸಿನಲ್ಲಿ ತೋರಿಸಿದ್ದಾರೆಂದೂ ಈ ಕೈಪಿಡಿ ಬಂದ ಮೇಲೆ ಓದಿ ತಿಳಿದೆ. ನನ್ನ ಅವ್ವನಿಗಂತೂ ಮರೆವು ಇರಲಿಲ್ಲ.

ಆದರೆ ನರ್ಸಿನ ಮಾತಿಗಿಂತ ದೊಡ್ಡ ತಪ್ಪು ನನ್ನದು. ಆಪರೇಶನ್ ಮಾಡಬೇಕೋ ಬೇಡವೋ ಎಂಬ ಮಾತು ಅವ್ವನ ಮಂಚದ ಪಕ್ಕದಲ್ಲೇ ನಿಂತು ನನಗೂ ಡಾಕ್ಟರಿಗೂ ನಡೆಯಿತು. ಅವಳಿಗೆ ತಿಳಿಯಬಾರದೆಂದು ನಾನು ಇಂಗ್ಲಿಷಿನಲ್ಲಿ ಮಾತಾಡಿದೆ. ಅದೆಂಥ ಶುದ್ಧ ಇಂಗ್ಲಿಷ್! ಒಂದು ಕೆಟ್ಟ ಪದ ಇರಲಿಲ್ಲ. ಈಗಿನ ಪಟ್ಟಿಯ ಬಲಗಡೆಯವರು ಮೆಚ್ಚಿ ತಲೆದೂಗಬೇಕು, ಹಾಗೆ ಮಾತಾಡಿದೆ. ಡಾಕ್ಟರು ಹೋದ ಮೇಲೆ ಅವ್ವ ಗೋಡೆಯ ಕಡೆ ನೋಡುತ್ತ ಕೇಳಿದಳು: "ಕಾಲು ನಂದು. ಅದರ ಮಾತು ನನಗ ತಿಳೀಬಾರದಂತ ಇಂಗ್ಲೀಷಿನ್ಯಾಗ ಆಡಿದೇನು ತಮ್ಮಾ?"

ನನ್ನ ಬಳಿ ಉತ್ತರ ಇರಲಿಲ್ಲ.

ಕನ್ನಡದ ಕ್ರಿಯಾಪದದ ಬಗ್ಗೆ ಮೇಲೆ ಹೆಮ್ಮೆಪಟ್ಟೆನಲ್ಲ, ಅದನ್ನೂ ಈಗ ತಿದ್ದಿಕೊಳ್ಳಬೇಕು. ನಾನು ಜೀವಮಾನವಿಡೀ ಅವ್ವನಿಗೆ 'ನೀ' ಎಂದವನು. ಈ ಬರಹದಲ್ಲೂ 'ಅವಳು' ಎಂದೇ ಬರೆದಿದ್ದೇನೆ. ಅದು ಅವಳಿಗೆ ಎಂದೂ ಚುಚ್ಚಲಿಲ್ಲ. ನರ್ಸಿನ 'ತಗಿ' ಚುಚ್ಚಿತು. ನನ್ನ ಗೌರವದ ಇಂಗ್ಲಿಷ್ ಅದಕ್ಕಿಂತ ಹೆಚ್ಚು ಚುಚ್ಚಿತು. ಅಂದಮೇಲೆ ಮರ್ಯಾದೆ ನಾಮಪದದಲ್ಲೂ ಇಲ್ಲ, ಕ್ರಿಯಾಪದದಲ್ಲೂ ಪೂರ್ತಿಯಾಗಿ ಇಲ್ಲ. ಮಾತು ಯಾರ ಬಗ್ಗೆಯೋ ಅವರ ಕಡೆಗೆ ಮುಖ ಮಾಡಿದೆಯೋ ಇಲ್ಲವೋ ಎಂಬುದರಲ್ಲಿ ಇದೆ. ಪದಗಳ ಪಟ್ಟಿಯೆಲ್ಲ ವಯಸ್ಸಾದವರ 'ಬಗ್ಗೆ' ಮಾತಾಡುವುದನ್ನು ಕಲಿಸುತ್ತದೆ. ಅವರ 'ಜೊತೆ' ಮಾತಾಡುವುದನ್ನು ಕಲಿಸುವ ಸಾಲು ನನ್ನ ಕೈಪಿಡಿಯ ಆ ಪುಟದಲ್ಲಿ ಇರಲಿಲ್ಲ.

ಮರುದಿನ ಡಾಕ್ಟರು ಬಂದಾಗ, ಕನ್ನಡದಲ್ಲಿ ಅವ್ವನಿಗೇ ಹೇಳಿರಿ ಎಂದು ಕೇಳಿಕೊಂಡೆ. ಅವರು ಕುರ್ಚಿ ಎಳೆದುಕೊಂಡು ಕೂತು ಹೇಳಿದರು. ಅವ್ವ ಎರಡು ಪ್ರಶ್ನೆ ಕೇಳಿದಳು: ಮತ್ತೆ ತಾನೇ ಎದ್ದು ಬಚ್ಚಲಿಗೆ ಹೋಗಬಹುದೇ, ಖರ್ಚು ಎಷ್ಟು. ಎರಡಕ್ಕೂ ಉತ್ತರ ಕೇಳಿ, "ಮಾಡ್ರಿ" ಎಂದಳು. ಆಮೇಲೆ ಎರಡು ವರ್ಷ ಇದ್ದಳು, ವಾಕರ್ ಹಿಡಿದು ತಾನೇ ಓಡಾಡಿಕೊಂಡು.

ಕೈಪಿಡಿಯ ಒಂಬತ್ತನೆಯ ಪುಟಕ್ಕೆ ನಾನು ಕೊನೆಗೆ ಬರೆದದ್ದು ಪಟ್ಟಿಯಲ್ಲ, ನಾಲ್ಕು ಸಾಲು. ಮೊದಲ ದಿನ ಅವರ ಹೆಸರು ಕೇಳಿರಿ, ಏನೆಂದು ಕರೆಯಲಿ ಎಂದೂ ಕೇಳಿರಿ. ಅವರ ವಿಷಯವನ್ನು ಅವರಿಗೇ, ಅವರ ಭಾಷೆಯಲ್ಲೇ ಹೇಳಿರಿ. ಮನೆಯವರೊಡನೆ ಅವರ ತಲೆಯ ಮೇಲಿಂದ ಮಾತಾಡಬೇಡಿರಿ. ವಯಸ್ಸು ಬರೆಯಬೇಕಾದಲ್ಲಿ ಅಂಕಿ ಬರೆಯಿರಿ, ವಿಶೇಷಣ ಬೇಡ. ಈ ಕೊನೆಯ ಸಾಲು ನನ್ನ ಸ್ವಂತದ್ದಲ್ಲ. ವಯಸ್ಸನ್ನು ಆದಷ್ಟು ಖಚಿತವಾಗಿ ಹೇಳಿರೆಂದು ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ತನ್ನ ಬರಹಗಾರರಿಗೆ ಹೇಳುತ್ತದೆ. ಒಳ್ಳೆಯದು ಎಲ್ಲಿದ್ದರೂ ತೆಗೆದುಕೊಳ್ಳಬೇಕು.

ಸಂಸ್ಥೆಯವರು ಓದಿ, "ಸರ್, ಪಟ್ಟಿ ಇದ್ದರೆ ಪರೀಕ್ಷೆಗೆ ಪ್ರಶ್ನೆ ತೆಗೆಯಲು ಅನುಕೂಲ" ಎಂದರು. ಅದೂ ಸರಿಯೇ. ಪುಟದ ಕೆಳಗೆ ಚಿಕ್ಕ ಅಕ್ಷರದಲ್ಲಿ ಪಟ್ಟಿಯನ್ನೂ ಸೇರಿಸಿಕೊಟ್ಟೆ. ಬಲಗಡೆ 'ಹಿರಿಯರು' ಎಂದು ಬರೆದೆ. ಎಡಗಡೆ 'ಹಿರಿಯ ನಾಗರಿಕ' ಎಂಬುದನ್ನು ಹೊಡೆದುಹಾಕಿ 'ಗುಡ್ ಗರ್ಲ್' ಎಂದು ಬರೆದೆ.